ಶೇಖಮ್ಮನ ಬುತ್ತಿ

ಸುರಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಈಗ ಮೊಬೈಲ್ ಅಂಗಡಿ ಇರುವ ಕಡೆ ಆಗ ವಹಾಬ ಸಾಹೇಬರ ಕಂಪ್ಯೂಟರ್ ಕ್ಲಾಸು ಇತ್ತು. ಮುಂದಿನ ಕೋಣೆಯಲ್ಲಿ ಹುಡುಗರು ಕಲಿಯುವ ಹಳೆಯ ಕಂಪ್ಯೂಟರುಗಳು, ಹಿಂದಿನ ಕೋಣೆಯಲ್ಲಿ ಕಲಿಸುವವನದು ಒಂದು. ಕಲಿಸುವವನು ದೇವಾಪುರದ ತಾಯಪ್ಪ. ಇಪ್ಪತ್ತಾರರ ಪ್ರಾಯದ, ಕೇಳಿದರೆ ಮಾತ್ರ ಬಾಯಿ ಬಿಡುವ ಮನುಷ್ಯ. ಕರೆಂಟು ಹೋದಾಗ ಹುಡುಗರೆಲ್ಲ ಬೀದಿಗೆ ಓಡಿದರೆ ಇವನು ಕಪ್ಪಾದ ಪರದೆಯ ಮುಂದೆಯೇ ಕೂತಿರುತ್ತಿದ್ದ. ಮಾಸ್ತರರಿಗೆ ಕಂಪ್ಯೂಟರಿನ ಗಾಳಿ ಬಡಿದಿದೆ ಎಂದು ಹುಡುಗರು ನಗುತ್ತಿದ್ದರು. ಬಡಿದದ್ದೇನೋ ನಿಜ, ಆದರೆ ಅದು ಕೆನಾಲಿನ ಗಾಳಿ.

ಕೃಷ್ಣೆಯ ನೀರು ಕೆನಾಲಿನಲ್ಲಿ ದೇವಾಪುರದ ಕಡೆಗೆ ಬಂದ ಹೊಸದರಲ್ಲಿ ಜನ ಕಾಯಿ ಒಡೆದು, ಅರಿಸಿನ ಕುಂಕುಮ ಹಾಕಿ ಕೈ ಮುಗಿದಿದ್ದರು. ಮುಗಿಯಬೇಕಾದದ್ದೇ, ಜೋಳದ ಹೊಲಗಳು ನೆಲ್ಲು ಬೆಳೆದವು. ಆದರೆ ಆ ನೀರಿನ ಗುಣ ಊರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬಾವಿ. ಬಾವಿಗೆ ಮೆಟ್ಟಿಲಿರುತ್ತವೆ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಿಟ್ಟರೆ ಮಕ್ಕಳು ತಾವಾಗಿಯೇ ಈಜು ಕಲಿಯುತ್ತವೆ. ತಾಯಪ್ಪನ ತಂಗಿ ಶೇಖಮ್ಮ ಹಾಗೆ ಕಲಿತವಳು. ಒಂಬತ್ತು ವರ್ಷಕ್ಕೇ ಬಾವಿಯ ತಳ ಮುಟ್ಟಿ ಮುಷ್ಟಿಯಲ್ಲಿ ಕೆಸರು ತಂದು ತೋರಿಸುತ್ತಿದ್ದಳು. ಈಜು ಬಲ್ಲ ಹುಡುಗಿಗೆ ನೀರಿನ ಭಯವೇನು ಎಂದು ಅವಳನ್ನು ಯಾರೂ ತಡೆಯಲಿಲ್ಲ. ಕೆನಾಲಿಗೆ ಮಾತ್ರ ಮೆಟ್ಟಿಲಿರಲಿಲ್ಲ. ಎರಡೂ ಬದಿಗೆ ಇಳಿಜಾರಾದ ಸಿಮೆಂಟು, ಅದರ ಮೇಲೆ ಪಾಚಿ. ಒಳಗೆ ಬಿದ್ದವರು ಎಷ್ಟೇ ಈಜು ಬಲ್ಲವರಾದರೂ ಹಿಡಿದು ಹತ್ತಲು ಏನೂ ಇರಲಿಲ್ಲ.

ಆ ದಿನ ಅವ್ವ ಮೋನಮ್ಮ ಕೆನಾಲಿನಾಚೆಯ ನೆಲ್ಲಿನ ಹೊಲಕ್ಕೆ ಕಳೆ ಕೀಳಲು ಕೂಲಿಗೆ ಹೋಗಿದ್ದಳು. ಶೇಖಮ್ಮ ಅವಳಿಗೆ ಬುತ್ತಿ ಹೊತ್ತು, ಕೈಯಲ್ಲಿ ಚರಿಗೆ ಹಿಡಿದು ದಂಡೆಗುಂಟ ಹೊರಟಳು. ಬುತ್ತಿ ದಂಡೆಯ ಮೇಲೆಯೇ ಸಿಕ್ಕಿತು, ಕಟ್ಟಿದ ಗಂಟು ಕಟ್ಟಿದಂತೆಯೇ. ಚರಿಗೆಗೆ ನೀರು ತುಂಬಲು ಇಳಿದಿರಬೇಕು ಎಂದರು ಜನ. ಹುಡುಗಿ ಸಿಕ್ಕಿದ್ದು ಕೆಳಗಿನ ಊರಿನ ಹತ್ತಿರದ ಕೆನಾಲಿನ ಗೇಟಿನಲ್ಲಿ, ಬಹಳ ತಡವಾಗಿ.

ಅಂದಿನಿಂದ ಮೋನಮ್ಮ ಮಧ್ಯಾಹ್ನ ಉಣ್ಣುವುದನ್ನು ಬಿಟ್ಟಳು. ಹಗಲೆಲ್ಲ ದುಡಿದು ಬಂದು ದೀಪ ಹಚ್ಚಿದ ಮೇಲೆಯೇ ರೊಟ್ಟಿ ಮುರಿಯುವಳು. ಯಾಕೆಂದು ಕೇಳಿದವರಿಗೆ ಹಸಿವಿಲ್ಲ ಎನ್ನುವಳು. ಹೊತ್ತೇರುವ ತನಕ ಬಗ್ಗಿ ಕಳೆ ಕಿತ್ತವಳಿಗೆ ಹಸಿವಿಲ್ಲವಂತೆ! ತಾಯಪ್ಪನಿಗೆ ಅದೊಂದು ಮಾತು ಹೊಟ್ಟೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ಹನ್ನೊಂದು ವರ್ಷಗಳ ಮೇಲೆ ಅವನು ವಹಾಬ ಸಾಹೇಬರ ಕಂಪ್ಯೂಟರಿನಲ್ಲಿ ಒಂದು ಆಟ ಬರೆದ. ಪರದೆಗೆ ಅಡ್ಡವಾಗಿ ಒಂದು ನೀಲಿ ಪಟ್ಟೆ, ಅದು ಕೆನಾಲು. ದಂಡೆಯ ಮೇಲೆ ಕೆಂಪು ಲಂಗದ ಹುಡುಗಿ, ತಲೆಯ ಮೇಲೆ ಬಿಳಿ ಗಂಟು. ಎದುರಿನಿಂದ ಎಮ್ಮೆ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ನಡುನಡುವೆ ಪಾಚಿಯ ತೇಪೆ ಬರುತ್ತದೆ. ಆಡುವವರು ಕೀ ಒತ್ತಿ ಹುಡುಗಿಯನ್ನು ಹಾರಿಸಬೇಕು. ತಪ್ಪಿದರೆ ನೀರಿಗೆ. ಅವಳು ಯಾರೆಂದು ತಾಯಪ್ಪ ಒಬ್ಬರಿಗೂ ಹೇಳಲಿಲ್ಲ. ಅಂದು ದಂಡೆಯ ಮೇಲೆ ಯಾರೂ ಇರಲಿಲ್ಲ, ಇಲ್ಲಾದರೂ ನಾಲ್ಕು ಮಂದಿ ಅವಳನ್ನು ಕಾಯಲಿ ಎಂಬುದು ಅವನ ಆಸೆ. ಹುಚ್ಚು ಆಸೆ, ಒಪ್ಪುತ್ತೇನೆ. ಆದರೆ ಸತ್ತವರ ವಿಷಯದಲ್ಲಿ ಶಾಣ್ಯಾ ಆಸೆ ಪಟ್ಟವರನ್ನು ನಾನಿನ್ನೂ ಕಂಡಿಲ್ಲ.

ವಹಾಬ ಸಾಹೇಬರಿಗೆ ಆಟ ಬಹಳ ಹಿಡಿಸಿತು. ಅವರು ಹೈದರಾಬಾದು ಕಂಡವರು.

"ಇದಕ್ಕ ಶೇರ್‌ವೇರ್ ಅಂತಾರ, ತಾಯಪ್ಪ. ಮೊದಲನೇ ಭಾಗ ಪುಕ್ಕಟೆ ಹಂಚೋದು, ಯಾರ ಬೇಕಾದ್ರೂ ಕಾಪಿ ಮಾಡ್ಕೊಳ್ಳಲಿ. ಕೊನೀಗಿ ನಮ್ಮ ವಿಳಾಸ ಹಾಕಿಬಿಡು. ರುಚಿ ಹತ್ತಿದವರು ಮನಿಆರ್ಡರ್ ಮಾಡಿ ಉಳಿದದ್ದು ತರಸ್ಕೋತಾರ."

"ಉಳಿದದ್ದು ನಾ ಇನ್ನಾ ಬರದೇ ಇಲ್ಲರಿ, ಸಾಹೇಬ್ರ."

"ರೊಕ್ಕ ಬರ್ಲಿ, ಬರದರಾತು. ಊರಿಗಿ ಬಂದಾಕಿ ನೀರಿಗಿ ಬರಲಾರದ ಇರ್ತಾಳೇನು?"

ಗಾದೆ ಹೇಳಿ ಸಾಹೇಬರು ನಕ್ಕರು, ಪಾಪ, ಅವರಿಗೇನು ಗೊತ್ತು. ತಾಯಪ್ಪ ಪರದೆಯ ಕಡೆ ಮುಖ ತಿರುಗಿಸಿದ.

ಆಟ ತುಂಬಿದ ಫ್ಲಾಪಿಗಳು ಹುಡುಗರ ಅಂಗಿಯ ಜೇಬಿನಲ್ಲಿ ಕೂತು ಶಹಾಪುರಕ್ಕೆ ಹೋದವು, ಯಾದಗಿರಿಯ ಸ್ಟೇಷನ್ ರಸ್ತೆಯ ಟೈಪಿಂಗ್ ಕ್ಲಾಸಿಗೆ ಹೋದವು, ಅಲ್ಲಿಂದ ರೈಲು ಹತ್ತಿ ಎಲ್ಲೆಲ್ಲಿಗೋ ಹೋದವು. ಮನಿಆರ್ಡರ್ ಒಂದೂ ಬರಲಿಲ್ಲ. ಬರುವುದು ಹೇಗೆ? ವಿಳಾಸ ಇದ್ದ ಕೊನೆಯ ತನಕ ಯಾರಾದರೂ ಆಡಿದರೆ ತಾನೆ? ಹುಡುಗಿ ಬೀಳುವಾಗ ಕಂಪ್ಯೂಟರಿನ ಡಬ್ಬಿಯೊಳಗಿನಿಂದ ಡುಬುಕ್ ಎಂದು ಸಪ್ಪಳ ಬರುವಂತೆ ತಾಯಪ್ಪ ಬರೆದಿದ್ದ. ಎಚ್ಚರಿಕೆಗೆ ಇರಲಿ ಎಂದು. ಹುಡುಗರಿಗೆ ಅದೇ ಮಜಾ ಆಯಿತು. ಉಳಿಸುವುದು ಯಾರಿಗೆ ಬೇಕು? ಯಾರು ಬೇಗ ಬೀಳಿಸುತ್ತಾರೆ, ಬಿಳಿ ಗಂಟು ಯಾರ ಕೈಯಲ್ಲಿ ದೂರ ತೇಲುತ್ತದೆ ಎಂದು ಪಂಥ ಕಟ್ಟಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತಾಯಪ್ಪ ಸಪ್ಪಳ ತೆಗೆದು ಬೇರೆ ಫ್ಲಾಪಿ ಕೊಟ್ಟರೆ, ಇದು ಸಪ್ಪಗಿದೆ, ಹಳೆಯದೇ ಇರಲಿ ಎಂದರು. ಹಂಚಿದ್ದನ್ನು ಮರಳಿ ಕೇಳುವ ದಾರಿ ಶೇರ್‌ವೇರಿನಲ್ಲಿ ಇರಲಿಲ್ಲ.

ಮೋನಮ್ಮ ಸಂತೆಯ ದಿನ ಸುರಪುರಕ್ಕೆ ಬಂದರೆ ಮಗನಿಗೆ ಬುತ್ತಿ ತಂದು, ಅವನು ಉಣ್ಣುವುದನ್ನು ನೋಡಿ, ಊರಿನ ಬಸ್ಸು ಹಿಡಿಯುತ್ತಿದ್ದಳು. ಒಮ್ಮೆ ಹಾಗೆ ಬಂದವಳು ಮುಂದಿನ ಕೋಣೆಯಲ್ಲೇ ನಿಂತುಬಿಟ್ಟಳು. ಒಬ್ಬ ಹುಡುಗ ಆಡುತ್ತಿದ್ದ. ಕೆಂಪು ಲಂಗ, ಬಿಳಿ ಗಂಟು. ತಾಯಪ್ಪ ಎದ್ದು ಓಡಿ ಬರುವಷ್ಟರಲ್ಲಿ ಅವಳು ನೋಡಬೇಕಾದದ್ದನ್ನು ನೋಡಿಯಾಗಿತ್ತು. ಹಿಂದಿನ ಕೋಣೆಗೆ ಬಂದು ಕೂತಳು.

"ಆಕಿ ನಮ್ಮ ಶೇಖಿ ಅಲ್ಲೇನೋ?"

ತಾಯಪ್ಪನಿಗೆ ಸುಳ್ಳು ಹೊಳೆಯಲಿಲ್ಲ. "ಹೌದವ್ವ."

"ಎಲ್ಲಿಗಿ ಹೊಂಟಾಳ?"

"ಎಲ್ಲಿಗೂ ಇಲ್ಲವ್ವ. ಬೀಳೋತನ ನಡೀತಾಳ. ಇದರ ಆಟನ ಹಂಗ."

ಮೋನಮ್ಮ ಬುತ್ತಿಯನ್ನು ಮೇಜಿನ ಮೇಲಿಟ್ಟು, ಅವನು ಉಣ್ಣುವುದನ್ನೂ ನೋಡದೆ ಹೊರಟುಹೋದಳು.

ಮುಂದಿನ ಸಂತೆ ಬರುವಷ್ಟರೊಳಗೆ ತಾಯಪ್ಪ ಉಳಿದ ಭಾಗವನ್ನು ಬರೆದು ಮುಗಿಸಿದ. ಮನಿಆರ್ಡರಿನ ಆಸೆಗಲ್ಲ, ಅವ್ವನ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಮೊದಲನೇ ಭಾಗ ನಡುದಾರಿಯಲ್ಲೇ ವಿಳಾಸ ತೋರಿಸಿ ನಿಲ್ಲುತ್ತಿತ್ತು, ಈಗ ಕೆನಾಲಿಗೆ ಕೊನೆ ಇತ್ತು. ಕೊನೆಯಲ್ಲಿ ದೇವಾಪುರದ ತಮ್ಮ ಮನೆ: ಮಣ್ಣಿನ ಮಾಳಿಗೆ, ಬಾಗಿಲ ಪಕ್ಕಕ್ಕೆ ತುಳಸಿ. ಅವ್ವ ಬಂದು ಬುತ್ತಿಯನ್ನು ಮೇಜಿನ ಮೇಲಿಟ್ಟ ಕೂಡಲೆ ಸ್ಟೂಲು ಎಳೆದು ಕೂರಿಸಿದ. ತಾನೇ ಆಡಿದ. ಎಮ್ಮೆ ದಾಟಿತು, ಟ್ರ್ಯಾಕ್ಟರ್ ದಾಟಿತು, ಪಾಚಿ ದಾಟಿತು. ಹುಡುಗಿ ಮನೆಯ ಬಾಗಿಲಿಗೆ ಬಂದು ನಿಂತಳು. ಅವ್ವನ ಮುಖ ಅರಳುವುದೆಂದು ತಾಯಪ್ಪ ತಿರುಗಿ ನೋಡಿದ.

"ಮನಿಗಿ ಯಾಕ ಒಯ್ದಿ?" ಎಂದಳು ಮೋನಮ್ಮ. "ನಾ ಮನ್ಯಾಗ ಎಲ್ಲಿದ್ದೆ? ಆಕಿ ನನ್ನ ಕಡಿ ಬರಾಕತ್ತಿದ್ದಳು. ನಾ ಹೊಲದ ಒಡ್ಡಿನ ಮ್ಯಾಲ ಹಸದು ಕುಂತಿದ್ದೆ, ತಾಯಪ್ಪ. ಎಲ್ಲಾರ ಬುತ್ತಿ ಬಂದಿತ್ತು, ನಂದು ಬಂದಿದ್ದಿಲ್ಲ. ಎಲ್ಲಿ ಸತ್ತಾಳೋ ಈಕಿ ಅಂತ ಬೈದೆ. ಎಲ್ಲಾರೂ ಕೇಳಂಗ ಬೈದೆ. ನಾ ಅನ್ನಾಕ, ಆ ಕಡಿ ಆಕಿ..."

ಮೋನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮಾತನ್ನು ನಮ್ಮ ಕಡೆಯ ಯಾವ ತಾಯಿ ಅಂದಿಲ್ಲ ಹೇಳಿ. ದಿನಕ್ಕೆ ಹತ್ತು ಸಲ ಅನ್ನುತ್ತಾರೆ, ಹತ್ತು ಸಲವೂ ಮಕ್ಕಳು ಹಲ್ಲು ಕಿರಿಯುತ್ತ ಬಂದು ನಿಲ್ಲುತ್ತವೆ. ಮೋನಮ್ಮನ ಪಾಲಿಗೆ ಮಾತ್ರ ಹಾಗಾಗಲಿಲ್ಲ. ಅದನ್ನೇ ಅವಳು ಇಷ್ಟು ವರ್ಷ ಮಧ್ಯಾಹ್ನದ ರೊಟ್ಟಿಯ ಬದಲು ನುಂಗಿಕೊಂಡು ಬಂದಿದ್ದಳು.

"ಕೂಡವ್ವ, ಹೋಗಬ್ಯಾಡ" ಎಂದ ತಾಯಪ್ಪ. ಅವಳೆದುರಿಗೇ ಮನೆಯನ್ನು ಅಳಿಸಿದ. ಮಾಳಿಗೆ ಹೋಯಿತು, ತುಳಸಿ ಹೋಯಿತು. ಹಸಿರು ಹೊಲ ಹಾಕಿದ, ಒಡ್ಡು ಹಾಕಿದ, ಒಡ್ಡಿನ ಮೇಲೆ ನೀಲಿ ಸೀರೆಯ ಒಬ್ಬ ಹೆಂಗಸನ್ನು ನಿಲ್ಲಿಸಿದ. ಹೊತ್ತು ಹಿಡಿಯಿತು. ಊರಿನ ಬಸ್ಸು ಹಾರನ್ ಹೊಡೆದು ಹೋಯಿತು, ಮೋನಮ್ಮ ಏಳಲಿಲ್ಲ. ಮತ್ತೆ ಆಡಿದ. ಹುಡುಗಿ ದಂಡೆ ದಾಟಿ, ಒಡ್ಡು ಹತ್ತಿ, ಹೆಂಗಸಿನ ಮುಂದೆ ನಿಂತಳು. ಆಟ ಅಲ್ಲಿಗೆ ನಿಂತಿತು.

ಮೋನಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ ನೀಲಿ ಸೀರೆಯವಳ ಮೇಲೆ ಬೆರಳಿಟ್ಟಳು.

"ಈಕಿ ಬೈಯಾಕತ್ತಿಲ್ಲಲ್ಲ?"

"ಇಲ್ಲವ್ವ. ದಾರಿ ನೋಡ್ಕೋತ ಸುಮ್ನ ನಿಂತಾಳ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಡುಬುಕ್ ಎಂದಿತು. ಹುಡುಗರು ಹೋ ಎಂದು ನಕ್ಕರು. ಮೋನಮ್ಮ ಬೆಚ್ಚಿ ಬಾಗಿಲ ಕಡೆ ನೋಡಿದಳು.

"ಅಲ್ಲಿ ಇನ್ನಾ ಬೀಳಾಕತ್ಯಾಳಲ್ಲೋ."

ತಾಯಪ್ಪ ಹೊರಗೆ ಹೋಗಿ, ಯಾರ ಮಾತೂ ಕೇಳದೆ, ಅಲ್ಲಿದ್ದ ಎಲ್ಲ ಕಂಪ್ಯೂಟರಿನಿಂದಲೂ ಹಳೆಯ ಆಟವನ್ನು ಅಳಿಸಿ ಬಂದ. ಮೋನಮ್ಮ ಇನ್ನೂ ಪರದೆಯನ್ನೇ ನೋಡುತ್ತ ಕೂತಿದ್ದಳು.

"ಬ್ಯಾರೆ ಊರಾಗೂ ಐತೇನು ಅದು?"

"ಐತವ್ವ. ಶಹಾಪುರದಾಗ, ಯಾದಗಿರಿಯಾಗ."

"ಎಲ್ಲಾ ಕಡಿ ಹೋಗಿ ಇದನ್ನ ಹಾಕಿ ಬರ್ತಿ ಹೌದಿಲ್ಲೋ, ನನ್ನಪ್ಪ? ಎಲ್ಲಾ ಕಡಿ ಆಕಿ ನನ್ನ ಕಡಿ ಮುಟ್ಟಬೇಕು."

ಎಷ್ಟು ಫ್ಲಾಪಿ, ಯಾರ ಜೇಬು, ಯಾವ ರೈಲು? ತಾಯಪ್ಪನಿಗೆ ಒಂದೂ ತಿಳಿದಿರಲಿಲ್ಲ. ತಿಳಿದಿದ್ದರೂ, ನಗುವುದಕ್ಕೆ ಇಟ್ಟುಕೊಂಡದ್ದನ್ನು ಯಾರು ಅಳಿಸಲು ಬಿಡುತ್ತಾರೆ?

"ಹಾಕಿ ಬರ್ತೇನವ್ವ" ಎಂದ.

ಮೋನಮ್ಮ ನಂಬಿದಳು. ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದ ಬುತ್ತಿಯನ್ನು ಎಳೆದುಕೊಂಡು ಗಂಟು ಬಿಚ್ಚಿದಳು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಅರ್ಧವನ್ನು ಮಗನ ಕೈಗೆ ಕೊಟ್ಟಳು, ಉಳಿದ ಅರ್ಧವನ್ನು ತಾನು ಮುರಿದು ಬಾಯಿಗಿಟ್ಟುಕೊಂಡಳು. ಹೊರಗೆ ಇನ್ನೂ ಮಧ್ಯಾಹ್ನದ ಬಿಸಿಲಿತ್ತು. ಅವಳು ಹಸಿದವರು ಉಣ್ಣುವ ಹಾಗೆ ಉಂಡಳು.

ತಾಯಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ಉಳಿಯಿತು.