ಬಿಳಿಗೆರೆಯ ಬೆಳೆಯುವ ಕಲ್ಲು

ಇವತ್ತು ಬೆಳಿಗ್ಗೆ ನಮ್ಮ ತಿ. ನರಸೀಪುರದ ಮನೆಯ ಅಡುಗೆಕಟ್ಟೆಗೆ ಕರಿಗಲ್ಲು ಕೂರಿಸಲು ಮೇಸ್ತ್ರಿ ಬಂದ. ಸಿಂಕಿನ ಜಾಗ ಕೊಯ್ಯಲು ಕಟ್ಟರ್ ಇಟ್ಟನೋ ಇಲ್ಲವೋ, ಒಂದು ಸುಟ್ಟ ವಾಸನೆ ಎದ್ದಿತು. ಮೇಸ್ತ್ರಿ ಮೂಗಿಗೆ ಟವೆಲು ಕಟ್ಟಿಕೊಂಡ. ನಾನೋ, ಇನ್ನೂ ಹತ್ತಿರ ಹೋಗಿ ಮೂಸಿದೆ. ನಗಬೇಡಿ. ಅದು ಬಿಳಿಗೆರೆಯ ನನ್ನ ಸೋದರತ್ತೆಯ ಹೊಲದ ವಾಸನೆ.

ಅತ್ತೆಯ ಹೊಲಕ್ಕೆ ಅಡ್ಡಲಾಗಿ ಒಂದು ದಿಣ್ಣೆ. ಸುತ್ತ ಎಲ್ಲ ಕೆಂಪು ಮಣ್ಣು, ಅಲ್ಲಿ ಮಾತ್ರ ಕರಿಗುಂಡುಗಳ ಉದ್ದನೆಯ ಸಾಲು. ಎರಡನ್ನು ಒಂದಕ್ಕೊಂದು ಕುಟ್ಟಿದರೆ ಠಣ್ ಎನ್ನುತ್ತಿತ್ತು, ಜೊತೆಗೆ ಈ ವಾಸನೆ. ಅತ್ತೆ ರುಬ್ಬುಗುಂಡಿಗೆ ಕಲ್ಲು ಆರಿಸುತ್ತಿದ್ದುದೇ ಹೀಗೆ, ಕುಟ್ಟಿ, ಕಿವಿಗೊಟ್ಟು. ಠಣ್ ಎನ್ನದೆ ಮಂದ ಸದ್ದು ಬಂದರೆ ಒಳಗೆ ಬಿರುಕಿದೆ ಎಂದರ್ಥ. ಈ ಅಭ್ಯಾಸ ಎಷ್ಟು ಅಂಟಿಕೊಂಡಿತ್ತೆಂದರೆ ಕುಂಬಳಕಾಯಿ, ಮಡಕೆ, ಒಮ್ಮೆ ನನ್ನ ತಲೆಯನ್ನೂ ಬೆರಳು ಮಡಿಸಿ ಬಡಿದು ನೋಡಿದ್ದರು. ತಲೆಯ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಕಲ್ಲುಗಳು ಬೆಳೆಯುತ್ತವೆ ಎಂಬುದು ಅತ್ತೆಯ ನಂಬಿಕೆ.

"ವರ್ಸಾ ವರ್ಸಾ ಆರ್ಸಿ ಬದೀಗೆ ಆಕ್ತೀವಿ, ಮುಂದಿನ್ ವರ್ಸ ನೇಗ್ಲಿಗೆ ಇನ್ನೊಂದು ಸಿಕ್ತದೆ. ಬೆಳೀದೆ ಎಲ್ಲಿಂದ ಬಂದದವ್ವ?"

ನಾನಾಗ ಕಾಲೇಜಿನಲ್ಲಿದ್ದೆ, ನಿಜ. ಆದರೆ ನಾನು ಓದುತ್ತಿದ್ದುದು ಬಿ.ಕಾಂ.

ಆ ವರ್ಷವೇ ಕ್ವಾರಿಯವನೊಬ್ಬ ದಿಣ್ಣೆಯನ್ನು ಗುತ್ತಿಗೆಗೆ ಕೇಳಿಕೊಂಡು ಬಂದ. ಮಾವನಿಗೆ ಕೊಡುವ ಆಸೆ. ಅತ್ತೆಗೆ ಬಾವಿಯ ಚಿಂತೆ. ದಿಣ್ಣೆಯ ಮೇಲ್ಮಗ್ಗುಲಲ್ಲೇ ಅವರ ಬಾವಿ. ಕೆಳಗಿನ ಹೊಲಗಳ ಬಾವಿಗಳು ಬೇಸಿಗೆಯಲ್ಲಿ ತಳ ಕಂಡರೂ ಇದರಲ್ಲಿ ನೀರಿರುತ್ತಿತ್ತು.

"ದಿಣ್ಣೆ ಕಡುದ್ರೆ ನನ್ ಬಾವಿ ಓಯ್ತದೆ. ಆ ಕಲ್ಲು ಬೆಳೀತಿರಾದೇ ಬಾವಿ ನೀರು ಕುಡ್ಕಂಡು," ಎಂದರು ಅತ್ತೆ.

"ಕುಡೀತದೆ ಅಂದ್ರೆ, ಕಡುದ್ರೇನೇ ನೀರು ಉಳೀತದಲ್ಲಮ್ಮಿ!" ಎಂದರು ಮಾವ.

ಅತ್ತೆ ತಟ್ಟನೆ ಮಾತು ತಿರುಗಿಸಿದರು. "ಬೆಳೆಯೋದ್ರ ಮೇಲೆ ಕೈ ಮಾಡ್ಬಾರ್ದು," ಎಂದುಬಿಟ್ಟರು.

"ಬೆಳೀತದೆ ಅಂತ ತೋರ್ಸು. ಕ್ವಾರಿಯೋನ್ನ ಬರಬ್ಯಾಡ ಅಂತೀನಿ."

ಅತ್ತೆ ಹಿಂದೆಮುಂದೆ ನೋಡಲಿಲ್ಲ. ಅರ್ಧ ಹೂತಿದ್ದ ಒಂದು ಗುಂಡನ್ನು ಆರಿಸಿ, ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕುಡುಗೋಲಿನ ಮೊನೆಯಿಂದ ಸುತ್ತಲೂ ಗೀರೆಳೆದರು. ಸಾಕ್ಷಿಗೆ ನಾನು. ಮುಂಗಾರು ಮಳೆ ಹೊಯ್ದು ನಿಂತ ಮೇಲೆ ಮೂವರೂ ಹೋಗಿ ನೋಡಿದರೆ, ಗೀರು ಮಣ್ಣಿನಿಂದ ಎರಡು ಬೆರಳು ಮೇಲಿದೆ!

ನಾನಂತೂ ನಂಬಿಯೇಬಿಟ್ಟೆ. ಮಾವ ಕುಕ್ಕರಗಾಲಲ್ಲಿ ಕೂತು ನೋಡಿದರು. ಹುಟ್ಟಿದಾಗಿನಿಂದ ಮಣ್ಣಿನಲ್ಲೇ ಬದುಕಿದ ಮನುಷ್ಯ. ಕಲ್ಲು ಎದ್ದಿಲ್ಲ, ಮಣ್ಣು ಕೊಚ್ಚಿಹೋಗಿದೆ ಎಂದು ಅವರಿಗೆ ಗೊತ್ತಾಗದೇ ಇರುತ್ತದೆಯೇ? ಹೇಳಲು ಬಾಯಿ ತೆರೆದೂಬಿಟ್ಟರು. ಆದರೆ ಪಕ್ಕದಲ್ಲೇ ಹೊಲದ ಬದು ಒಡೆದು ಬಿದ್ದಿತ್ತು. ಅದನ್ನು ಕಟ್ಟಿ, ಕಟ್ಟಿ ಎಂದು ಅತ್ತೆ ಯುಗಾದಿಯಿಂದ ಗಂಟಲು ಹರಿದುಕೊಂಡಿದ್ದರು. ಈಗ ಮಣ್ಣು ಹೋಯಿತು ಎಂದರೆ, ಯಾರ ಸೋಮಾರಿತನದಿಂದ ಹೋಯಿತು ಎಂಬ ಮಾತು ಬರುತ್ತದೆ. ಮಾವ ಬದುವನ್ನು ನೋಡಿದರು, ಅತ್ತೆಯ ಮುಖ ನೋಡಿದರು.

"ಬೆಳದದೆ ಕಣಮ್ಮಿ," ಎಂದರು.

ಕ್ವಾರಿಯವನು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋದ.

ನನ್ನ ತಲೆಯಲ್ಲಿ ಮಾತ್ರ ಆ ಕಲ್ಲು ಉಳಿದುಬಿಟ್ಟಿತು. ಎಷ್ಟೋ ವರ್ಷಗಳ ಮೇಲೆ, ಅಂತರ್ಜಲ ನೋಡಲು ನಮ್ಮ ಕಚೇರಿಗೆ ಬಂದಿದ್ದ ಭೂವಿಜ್ಞಾನದ ಮೇಡಂ ಒಬ್ಬರನ್ನು ಕಾಫಿ ಕೊಟ್ಟು ಹಿಡಿದು ಕೂರಿಸಿ, ದಿಣ್ಣೆಯ ಕಥೆ ಹೇಳಿದೆ. ಅವರು ಹೇಳಿದ್ದು ಕೇಳಿ ನನ್ನ ಕಾಫಿ ಆರಿಹೋಯಿತು. ಅದು ಜ್ವಾಲಾಮುಖಿಯ ಬಳಗದ ಕಲ್ಲಂತೆ! ಎಣಿಸಲಾಗದಷ್ಟು ಹಿಂದೆ, ನೆಲ ಬಿರಿದ ಸಂದಿನಲ್ಲಿ ಕರಗಿದ ಕಲ್ಲು ಎಸರಿನ ಹಾಗೆ ಉಕ್ಕಿ ಬಂದು, ಒಳಗೇ ಆರಿ ಗಟ್ಟಿಯಾಯಿತಂತೆ. ಮೇಲಿನ ನೆಲ ಸವೆದು ಸವೆದು ಈಗ ಅದರ ತಲೆ ಕಾಣುತ್ತಿದೆ. ಕೆಳಗೆ ಅದು ಗೋಡೆಯಾಗಿ ನಿಂತಿರುತ್ತದೆ. ಇಳಿಜಾರಿನ ನೆಲದೊಳಗೆ ಹರಿದು ಬರುವ ನೀರು ಎಷ್ಟೋ ಕಡೆ ಅಂಥ ಗೋಡೆಯ ಹಿಂದೆ ತಡೆದು ನಿಲ್ಲುತ್ತದೆ. "ನಿಮ್ಮತ್ತೆ ಬಾವಿ ಉಳಿದಿರೋದು ಅದರಿಂದಲೇ ಇರಬೇಕು," ಎಂದರು.

ಆ ಭಾನುವಾರವೇ ಬಿಳಿಗೆರೆಗೆ ಓಡಿದೆ. ಕಲ್ಲು ನೀರು ಕುಡಿಯುವುದಿಲ್ಲ ಅತ್ತೆ, ಹಿಡಿದು ನಿಲ್ಲಿಸುತ್ತದೆ ಎಂದೆ. ಈಗ ಬೆಳೆಯುತ್ತಿಲ್ಲ, ಎಂದೋ ಒಂದು ಕಾಲದಲ್ಲಿ ಕೆಳಗಿನಿಂದ ಎದ್ದು ಬಂದದ್ದು ಎಂದೆ.

"ಅಂಗಾರೆ ಎದ್ದು ಬಂದಿದ್ದು ದಿಟ ತಾನೆ?" ಅತ್ತೆ ಮಾವನ ಕಡೆ ತಿರುಗಿ ನಕ್ಕರು. ಮಾವ ಟವೆಲು ಕೊಡವಿಕೊಂಡು, ಬದು ನೋಡಿ ಬರುತ್ತೇನೆಂದು ಎದ್ದು ಹೋದರು.

ಇವತ್ತು ಮಧ್ಯಾಹ್ನ ಅದೇ ಅತ್ತೆ ನಮ್ಮ ಮನೆಗೆ ಬಂದರು. ಹೊಸ ಕಟ್ಟೆ ತೋರಿಸುವ ಸಡಗರ ನನಗೆ. ಅತ್ತೆ ಸೊಪ್ಪಿನ ಚೀಲ ಕೆಳಗಿಟ್ಟು, ಬೆರಳು ಮಡಿಸಿ ಕಲ್ಲನ್ನು ಬಡಿದು ಕಿವಿಗೊಟ್ಟರು.

"ಒಳ್ಳೆ ಕಲ್ಲು ಕಣವ್ವ. ಬಿರುಕಿಲ್ಲ." ಅದರ ಮೇಲೆ ಅಂಗೈ ಆಡಿಸುತ್ತಾ ಕೇಳಿದರು: "ಯಾವೂರಿಂದು?"

ಅಂಗಡಿಯಲ್ಲಿ ನಾನು ಹೊಳಪು ನೋಡಿದ್ದೆ, ದಪ್ಪ ಕೇಳಿದ್ದೆ. ಊರು ಕೇಳಿರಲಿಲ್ಲ.

"ಇದ್ರ ಮಗ್ಗುಲಲ್ಲಿ ಯಾರ್ ಬಾವಿ ಇತ್ತೋ," ಎಂದರು ಅತ್ತೆ.

ಅಷ್ಟರಲ್ಲಿ ಮೇಸ್ತ್ರಿ, ದೂಳು ತೊಳೆಯಬೇಕು, ಒಂದು ಬಕೆಟ್ ನೀರು ಕೊಡಿ ಅಕ್ಕ ಎಂದ. ಅರ್ಧ ಬಕೆಟ್ ತಂದುಕೊಟ್ಟೆ. ನಾಳೆ ಅಂಗಡಿಗೆ ಹೋಗಿ ಊರಿನ ಹೆಸರು ಕೇಳಬೇಕು.