ಊಟದ ಮೇಜಿನ ಮೇಲಿನ ಸೀಸ

ಎಲೆಕ್ಟ್ರಾನಿಕ್ ಬೋರ್ಡ್ ಜೋಡಿಸುವ ಕಾರ್ಖಾನೆ ಮುಚ್ಚಿದ ಮೇಲೆ ಅವಳು ಅಣ್ಣನ ಮನೆ ಸೇರಿದಳು. ಕೂತು ಉಣ್ಣುವ ಜೀವವಲ್ಲ. ಗುಜರಿಯಿಂದ ಹಳೆಯ ಟಿವಿ, ರೇಡಿಯೊಗಳ ಬೋರ್ಡ್‌ಗಳನ್ನು ತಂದು, ಊಟದ ಮೇಜಿನ ತುದಿಯಲ್ಲಿ ಭೂತಗನ್ನಡಿ ನಿಲ್ಲಿಸಿಕೊಂಡು, ಬಿಸಿಗಾಳಿಯ ಗನ್ನಿನಿಂದ ಬೆಸುಗೆ ಕರಗಿಸಿ, ಸಾಸಿವೆಯಷ್ಟು ಸಣ್ಣ ಬಿಡಿಭಾಗಗಳನ್ನು ಚಿಮಟದಿಂದ ಎತ್ತಿಡುತ್ತಿದ್ದಳು. ಚೆನ್ನಾಗಿರುವುದನ್ನು ಆರಿಸಿ, ಕೆಟ್ಟುಹೋದ ಬೇರೆ ಬೋರ್ಡ್‌ಗಳಿಗೆ ಕೂರಿಸುತ್ತಿದ್ದಳು. ರಿಪೇರಿ ಅಂಗಡಿಯವರು ಮನೆಗೇ ಹುಡುಕಿಕೊಂಡು ಬರುತ್ತಿದ್ದರು.

"ಹಾರಿಹೋಗುತ್ತೆ, ಯಾರೂ ಸೀನಬೇಡಿ!" ಎಂದು ಕೂಗುತ್ತಿದ್ದಳು.

"ನಮ್ಮನೇಲಿ ನೆಗಡಿ ಆಗೋಕೂ ಇವಳ ಅಪ್ಪಣೆ ಬೇಕು," ಎಂದು ಅಣ್ಣ ನಗುತ್ತಿದ್ದ.

ಅತ್ತಿಗೆ ಕೆಲಸಕ್ಕೆ ಹೋದರೆ, ಎರಡು ತುಂಬಿದ ಮಗಳಿಗೆ ಸಂಜೆಯವರೆಗೂ ಸೋದರತ್ತೆಯೇ ಗತಿ. ಮೇಜಿನ ಕೆಳಗೆ ಆಡಿಕೊಂಡಿರುತ್ತಿದ್ದ ಆ ವಾಚಾಳಿ ಮಗು ಬರಬರುತ್ತ ಮಂಕಾಯಿತು. ಹೊಟ್ಟೆ ಹಿಡಿದುಕೊಂಡು ಅಳುವುದು, ತಟ್ಟೆ ದೂಡುವುದು. ಕಲಿತ ಮಾತುಗಳೂ ಒಂದೊಂದಾಗಿ ನಿಂತುಹೋದವು. ಮೂವರೂ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು.

ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರಮ್ಮ ಕೇಳಿದರು: "ರಕ್ತದಲ್ಲಿ ಸೀಸ ಸೇರಿದೆ. ಮನೇಲಿ ಹಳೇ ಬ್ಯಾಟರಿ, ಬೆಸುಗೆ, ಅಂಥ ಕೆಲಸ ಏನಾದ್ರೂ ಮಾಡ್ತೀರಾ?"

ಅಣ್ಣ ತಂಗಿಯತ್ತ ನೋಡಿದ. ಅವಳೇ ಬಾಯಿಬಿಟ್ಟಳು. "ನಾನು ಮಾಡ್ತೀನಿ. ಆದ್ರೆ ಕಿಟಕಿ ತೆಗೆದೇ ಮಾಡೋದು, ಹೊಗೆ ಒಳಗೆ ನಿಲ್ಲಲ್ಲ."

"ಹೊಗೆಗಿಂತ ಪುಡಿ ಅಪಾಯಮ್ಮ. ಹಳೇ ಬೆಸುಗೇಲಿ ಸೀಸ ಇರುತ್ತೆ. ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟಿರುತ್ತೆ. ಮಗು ಅದನ್ನ ಮುಟ್ಟಿ ಬೆರಳು ಬಾಯಿಗೆ ಹಾಕ್ಕೊಳ್ಳುತ್ತೆ."

ಮೂವರೂ ಮನೆಗೆ ಮರಳಿದರು. ಬಾಗಿಲು ತೆಗೆಯುವಾಗ ಅತ್ತಿಗೆ, "ಮಗೂನ ಇಲ್ಲಿ ಕೊಡು," ಎಂದಷ್ಟೇ ಹೇಳಿ ಅವಳ ತೋಳಿನಿಂದ ಎತ್ತಿಕೊಂಡಳು.

ಅವಳು ಅಂದೇ ಬೋರ್ಡ್‌ಗಳನ್ನೆಲ್ಲ ಹೊರಗೆ ಸಾಗಿಸಿದಳು. ಒದ್ದೆ ಬಟ್ಟೆಯಲ್ಲಿ ನೆಲದ ಸಂದುಸಂದನ್ನೂ ಒರೆಸಿದಳು. ಅಣ್ಣನಿಗೆ ನೋಡಲಾಗಲಿಲ್ಲ. "ಬೇಕಂತ ಮಾಡಿದ್ದಲ್ಲ, ಬಿಡು," ಎಂದ.

ಅತ್ತಿಗೆ ಒಳಗಿನಿಂದಲೇ ಅಂದಳು: "ಬೇಕಂತ ಮಾಡಿದ್ರೆ ಬೈಬಹುದಿತ್ತು. ಈಗ ಏನಂತ ಬೈಲಿ?"

ಆ ವಾರವೇ ಅವಳು ಅಣ್ಣನ ಮನೆ ಬಿಟ್ಟು, ಹೊಲಿಗೆ ಅಂಗಡಿಯೊಂದರ ಹಿಂದಿನ ಕೋಣೆಗೆ ಬಾಡಿಗೆಗೆ ಹೋದಳು. ತನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. ಸೀಸ ಮಗುವಿಗಿಂತ ಅವಳಲ್ಲೇ ಹೆಚ್ಚಿತ್ತು. ಅಣ್ಣನಿಗೆ ಹೇಳಲಿಲ್ಲ. ಬೇರೆ ಕೆಲಸ ಹುಡುಕಿದಳು, ಸಿಗಲಿಲ್ಲ. ಕೊನೆಗೆ ಕೈಗವಸು, ಮುಖಕ್ಕೆ ಮಾಸ್ಕ್, ಕೆಲಸಕ್ಕೇ ಬೇರೆ ಬಟ್ಟೆ ಇಟ್ಟುಕೊಂಡು ಮತ್ತೆ ಬೋರ್ಡ್‌ಗಳ ಮುಂದೆಯೇ ಕೂತಳು. ಮೊದಲಿನಂತೆ ಕೈ ಓಡುತ್ತಿರಲಿಲ್ಲ. ಗನ್ನು ಹಿಡಿದಾಗಲೆಲ್ಲ ಮಗುವಿನ ಬೆರಳು ಕಣ್ಣಮುಂದೆ ಬರುತ್ತಿತ್ತು.

ಮಗುವಿನ ರಕ್ತದಲ್ಲಿ ಸೀಸ ಇಳಿಯುತ್ತ ಬಂತು. ಹೋದ ಮಾತುಗಳಲ್ಲಿ ಕೆಲವು ಮರಳಿದವು. ಉಳಿದವುಗಳ ಬಗ್ಗೆ ಡಾಕ್ಟರಮ್ಮ, "ದೊಡ್ಡವಳಾದಂತೆ ಗೊತ್ತಾಗುತ್ತೆ," ಎಂದರು.

ಒಂದು ಭಾನುವಾರ ಅವಳು ಸ್ನಾನ ಮಾಡಿ, ಒಗೆದು ಮಡಿಸಿಟ್ಟ ಬಟ್ಟೆ ಉಟ್ಟು ಅಣ್ಣನ ಮನೆಗೆ ಹೋದಳು. ಮಗು ಬಂದು ಬೆರಳು ಹಿಡಿದೆಳೆಯಿತು. ಅವಳು ಅತ್ತಿಗೆಯ ಮುಖ ನೋಡಿದಳು.

"ಎತ್ಕೋ," ಎಂದಳು ಅತ್ತಿಗೆ. ಅವಳು ಮಗುವನ್ನು ಕೆಳಗಿಳಿಸುವವರೆಗೂ ಅತ್ತಿಗೆ ನೋಡುತ್ತ ಅಲ್ಲೇ ನಿಂತಿದ್ದಳು.