ಕೆರಿಯಪ್ಪ ಸವರದ ನಾಲ್ಕನೇ ಪ್ಲಾಟು

ತೀರ್ಥಹಳ್ಳಿಯ ಸುಚಿತ್ರಾಳಿಗೆ ಗಿಡಮರಗಳ ಕುಲಗೋತ್ರವೆಲ್ಲ ಬಾಯಿಪಾಠ. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಇಪ್ಪತ್ತು ವರ್ಷ ಕಂಪನಿಗಳಿಗಾಗಿ ಕಾಡು ಸುತ್ತಿ, ಇಂತಿಂಥ ಮರಗಳಿವೆ, ಮುಟ್ಟಬೇಡಿ ಎಂದು ವರದಿ ಬರೆದಳು. ಕಂಪನಿಯವರು ವರದಿಗೆ ಚೆಂದದ ರಟ್ಟು ಹಾಕಿಸಿ, ಮರ ಕಡಿದರು. ಬರೆದು ಬರೆದು ರೋಸಿಹೋಗಿ, ಸಾಯುವುದರೊಳಗೆ ಒಂದು ಕಾಡನ್ನಾದರೂ ಎಬ್ಬಿಸಿಯೇ ತೀರುತ್ತೇನೆಂದು ಹಟಕ್ಕೆ ಬಿದ್ದಳು.

ಕಾಡು ಎಬ್ಬಿಸುವ ಸರ್ಕಾರಿ ಯೋಜನೆಯೊಂದರಲ್ಲಿ ಮಾಸ್ತಿಕಟ್ಟೆಯ ಹತ್ತಿರ ಅಕೇಶಿಯಾ ತೋಪು ಕಡಿದ ಗುಡ್ಡವೊಂದು ಅವಳ ಪಾಲಿಗೆ ಬಂತು. ನಾಲ್ಕು ಪ್ಲಾಟು, ಐದು ವರ್ಷ. ಹಗ್ಗ ಹಿಡಿದು ಸಾಲಾಗಿ ಸಸಿ ನೆಡಿಸಿದಳು. ವರ್ಷಕ್ಕೆರಡು ಸಲ ಸುತ್ತ ಎದ್ದ ಕಳೆ, ಪೊದೆ, ಹಳು ಎಲ್ಲ ಸವರಿ ಎಂದಳು. ಅಡಿಕೆ ತೋಟದಲ್ಲಿ ಪಳಗಿದ ಆಳುಗಳಿಗೆ ಅಷ್ಟು ಹೇಳಿದರೆ ಸಾಕಲ್ಲ! ಸಾಲಿನಲ್ಲಿದ್ದದ್ದು ಸಸಿ, ಸಾಲು ತಪ್ಪಿದ್ದೆಲ್ಲ ಹಳು. ಗುಡ್ಡವನ್ನು ಅಂಗಳದ ಹಾಗೆ ನುಣ್ಣಗೆ ಮಾಡಿಟ್ಟರು. ಅಷ್ಟು ಓದಿದವಳೂ ಅದನ್ನು ನೋಡಿ ಹಿಗ್ಗಿದಳು.

ನಾಲ್ಕನೇ ಪ್ಲಾಟು ಹಳ್ಳದಾಚೆ, ಹಳೇ ಕಾಡಿನ ಅಂಚಿಗೆ. ಅದು ಮೇಸ್ತ್ರಿ ಕೆರಿಯಪ್ಪನ ಪಾಲು. ಕೆರಿಯಪ್ಪನೋ ಮೈಗಳ್ಳರ ಕುಲತಿಲಕ. ಮೂರನೇ ಪ್ಲಾಟನ್ನೇ ಬೇರೆ ಬೇರೆ ಮಗ್ಗುಲಿಂದ ಫೋಟೋ ಹೊಡೆದು, ಇದೇ ನಾಲ್ಕನೆಯದೆಂದು ಕಳಿಸುತ್ತಿದ್ದ. ಸಾಗರ ತಾಲೂಕಿನಲ್ಲಿ ಇನ್ನೊಂದು ಸಮೀಕ್ಷೆ ಹಚ್ಚಿಕೊಂಡಿದ್ದ ಸುಚಿತ್ರಾ ನಂಬುತ್ತಿದ್ದಳು.

ಐದನೇ ವರ್ಷ ಪರಿಶೀಲನಾ ಸಮಿತಿ ಬಂತು. ಕಾಡು ಎದ್ದಿಲ್ಲವಾದರೆ ಯೋಜನೆ ಅಲ್ಲಿಗೇ ಬಂದ್, ಗುಡ್ಡಕ್ಕೆ ಮತ್ತೆ ಅಕೇಶಿಯಾ. ಮೊದಲ ಮೂರು ಪ್ಲಾಟುಗಳಲ್ಲಿ ಸಸಿಗಳು ನೆರಳಿಲ್ಲದೆ ಆ ಬೇಸಿಗೆಯ ಬಿಸಿಲಿಗೆ ಸುಟ್ಟುಹೋಗಿದ್ದವು. ಅವುಗಳ ಹೆಸರಿನ ಫಲಕಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಸಮಿತಿಯ ಮುಖ್ಯಸ್ಥ ಮುಕುಂದಯ್ಯ, ಇನ್ನೊಂದಿದೆಯಲ್ಲ ಎಂದರು. ಅಲ್ಲಿ ಹೆಜ್ಜೇನಿದೆ, ಕಾಡುಕೋಣ ಇದೆ ಎಂದು ಕೆರಿಯಪ್ಪ ಏನೆಲ್ಲ ಹೆದರಿಸಿದರೂ ಯಾರೂ ಕೇಳಲಿಲ್ಲ.

ಹಳ್ಳ ದಾಟಿದರೆ ಎದೆಯೆತ್ತರದ ಹಸಿರು. ಗುಳಮಾವು, ಹೆಬ್ಬಲಸು, ನೇರಲು. ಹಕ್ಕಿಗಳು ಉದುರಿಸಿದ ಬೀಜಗಳೆಲ್ಲ ಮುಳ್ಳುಪೊದೆಯ ನೆರಳಲ್ಲಿ ಹುಟ್ಟಿ ಮೇಲೆದ್ದಿದ್ದವು. ಒಂದೂ ಅವಳು ನೆಟ್ಟದ್ದಲ್ಲ. ಆಚೆ ಪ್ಲಾಟುಗಳಲ್ಲಿ ಹಳು ಎಂದು ಐದು ವರ್ಷ ತಾನೇ ಹೇಳಿ ಸವರಿಸಿದ್ದು ಇದನ್ನೇ ಎಂದು ಸುಚಿತ್ರಾಳಿಗೆ ಆಗ ತಿಳಿಯಿತು.

ಮುಕುಂದಯ್ಯ ಖುಷಿಯಾಗಿ, ಇದು ಯಾವ ಪದ್ಧತಿ ಎಂದು ಕೇಳಿದರು. ಬಾಯಿಗೆ ಬಂದ ಇಂಗ್ಲಿಷ್ ಹೆಸರೊಂದನ್ನು ಹೇಳಿದ್ದರೂ ಅವಳ ಮಾನ ಉಳಿಯುತ್ತಿತ್ತು. ಅಷ್ಟರಲ್ಲಿ ಕೆರಿಯಪ್ಪ ಕೈಮುಗಿದ.

"ತಪ್ಪಾಯ್ತು ಸಾರ್. ನಾನಿಲ್ಲಿ ಎಂತದೂ ಮಾಡ್ಲಿಲ್ಲ."

"ಹೌದು ಸಾರ್, ಅವ್ನು ಎಂತದೂ ಮಾಡ್ಲಿಲ್ಲ," ಎಂದಳು ಸುಚಿತ್ರಾ. "ಮಾಡಿದ್ದೆಲ್ಲ ನಾನೇ, ಆಚೆ ಮೂರು ಪ್ಲಾಟಲ್ಲಿ."

ಯೋಜನೆ ಮತ್ತೆ ಐದು ವರ್ಷ ಮುಂದುವರಿಯಿತು. ಸಮಿತಿ ಹಾಕಿದ ಷರತ್ತು ಒಂದೇ: ನಾಲ್ಕೂ ಪ್ಲಾಟುಗಳನ್ನು ಕೆರಿಯಪ್ಪನಿಗೆ ಒಪ್ಪಿಸತಕ್ಕದ್ದು.